ಬೇಲಿಯಿಲ್ಲದ ಹಸಿರು: ಅಮೆರಿಕದ ಮನೆಗಳಿಗೆ ಹುಲ್ಲುಹಾಸಿನ ಹಂಬಲ ಅಂಟಿದ ಬಗೆ

ನಮ್ಮ ಊರುಗಳಲ್ಲಿ ಒಂದು ಮನೆಯ ಅಂಗಳದಲ್ಲಿ ಹುಲ್ಲು ಎದ್ದಿದೆ ಎಂದರೆ ಆ ಮನೆಯಲ್ಲಿ ಜನವಿಲ್ಲ, ಇಲ್ಲವೇ ಇರುವವರಿಗೆ ಕೈಲಾಗುತ್ತಿಲ್ಲ ಎಂದು ದಾರಿಯಲ್ಲಿ ಹೋಗುವವರು ತಿಳಿದುಕೊಳ್ಳುತ್ತಾರೆ. ಕಸ ಗುಡಿಸಿ, ಸಗಣಿನೀರು ಚಿಮುಕಿಸಿ, ರಂಗೋಲಿ ಇಟ್ಟ ಬರಿನೆಲವೇ ಬಾಳುತ್ತಿರುವ ಮನೆಯ ಗುರುತು. ಅಮೆರಿಕದ ಉಪನಗರಗಳಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿ ಮನೆಯ ಮುಂದೆ ಬರಿನೆಲ ಕಂಡರೆ, ಹುಲ್ಲು ಕಂದಿದ್ದರೆ, ಅಥವಾ ಅದರ ಎತ್ತರ ನಾಲ್ಕು ಬೆರಳು ಹೆಚ್ಚಾದರೆ ಮನೆಯೊಳಗೆ ಏನೋ ಸರಿಯಿಲ್ಲ ಎಂದು ಬೀದಿಯವರು ಭಾವಿಸುತ್ತಾರೆ. 2008ರಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಅರವತ್ತು ದಾಟಿದ ಒಬ್ಬ ಯಜಮಾನರು, ಒಣಗಿದ ಹುಲ್ಲುಹಾಸನ್ನು ತೆಗೆದು ಹೊಸದು ಹಾಕಬೇಕೆಂಬ ನ್ಯಾಯಾಲಯದ ಆದೇಶವನ್ನು ಪಾಲಿಸಲಿಲ್ಲವೆಂದು ಜೈಲಿಗೆ ಹೋಗಬೇಕಾಯಿತು. ಸುತ್ತಮುತ್ತಲ ಜನರೇ ಸೇರಿ ಹುಲ್ಲಿನ ಚಾಪೆಗಳನ್ನು ತಂದು ಅವರ ಅಂಗಳಕ್ಕೆ ಹಾಸಿದ ಮೇಲೆ ಅವರ ಬಿಡುಗಡೆಯಾಯಿತು.

ಇದನ್ನು ಯಾರೋ ಕೆಲವರ ಗೀಳು ಎಂದು ತಳ್ಳಿಹಾಕಲು ಅದರ ವಿಸ್ತಾರವೇ ಬಿಡುವುದಿಲ್ಲ. ಕ್ರಿಸ್ಟಿನಾ ಮಿಲೇಸಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಉಪಗ್ರಹ ಚಿತ್ರಗಳ ನೆರವಿನಿಂದ 2005ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದ ಮುಖ್ಯ ಭೂಭಾಗದಲ್ಲಿ ಮನೆ, ಉದ್ಯಾನ, ಗಾಲ್ಫ್ ಮೈದಾನ ಎಲ್ಲ ಸೇರಿ ಹುಲ್ಲುಹಾಸು ಹಬ್ಬಿರುವುದು ಸುಮಾರು 1,63,800 ಚದರ ಕಿಲೋಮೀಟರ್. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್ ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ. ಆ ದೇಶದಲ್ಲಿ ನೀರಾವರಿಯಿಂದ ಬೆಳೆಯುವ ಯಾವುದೇ ಒಂದು ಬೆಳೆಗಿಂತ ಹುಲ್ಲುಹಾಸಿನ ಹರವು ದೊಡ್ಡದು ಎಂದು ಅದೇ ಅಧ್ಯಯನ ಹೇಳಿತು. ದನ ಮೇಯದ, ಕಣಜ ತುಂಬದ, ಮಾರಾಟಕ್ಕೂ ಹೋಗದ ಒಂದು ಬೆಳೆಯನ್ನು ಕೋಟ್ಯಂತರ ಮನೆಗಳು ವಾರವಾರವೂ ದುಡಿದು ಉಳಿಸಿಕೊಳ್ಳುತ್ತಿವೆ ಎಂದರೆ ಅದಕ್ಕೆ ಬಲವಾದ ಕಾರಣಗಳು ಇರಲೇಬೇಕು. ಮೂರು ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡದ್ದರಿಂದ ಈ ಹಂಬಲ ಹುಟ್ಟಿದೆ ಎಂಬುದು ನನ್ನ ತಿಳಿವಳಿಕೆ. ಬೇಲಿಯನ್ನು ಕಿತ್ತುಹಾಕಿದ ನಗರ ಯೋಜನೆ ಮೊದಲನೆಯದು. ಎಷ್ಟು ಸಲ ಕತ್ತರಿಸಿದರೂ ಮತ್ತೆ ಚಿಗುರುವ ಹುಲ್ಲಿನ ಸ್ವಭಾವ ಎರಡನೆಯದು. ಎರಡನೆಯ ಮಹಾಯುದ್ಧದ ನಂತರ ಮಾರುಕಟ್ಟೆಗೆ ಬಂದ ಒಂದು ಕಳೆನಾಶಕ ಮೂರನೆಯದು.

ಹುಲ್ಲುಹಾಸು ಮೊದಲು ಸಿರಿವಂತಿಕೆಯ ಗುರುತಾಗಿತ್ತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಲ್ಯಾನ್ಸೆಲಾಟ್ ಬ್ರೌನ್ ಎಂಬ ಉದ್ಯಾನ ಶಿಲ್ಪಿ ಜಮೀನ್ದಾರರ ಬಂಗಲೆಗಳ ಸುತ್ತ ಇದ್ದ ಹೂಪಾತಿಗಳನ್ನು ತೆಗೆಸಿ, ಬಂಗಲೆಯ ಗೋಡೆಯವರೆಗೂ ಹುಲ್ಲೇ ಹರಡಿ ನಿಲ್ಲುವಂತೆ ಮಾಡಿದ. ಕುರಿಗಳು ಒಳಗೆ ಬಾರದಂತೆ ತಡೆಯಲು ಬೇಲಿ ಹಾಕಿದರೆ ನೋಟ ಕೆಡುತ್ತದೆಂದು, ದೂರದಿಂದ ಕಾಣದ ಹಾಗೆ ಆಳವಾದ ಕಂದಕ ತೋಡಿಸುವ ಪದ್ಧತಿಯೂ ಆಗ ಬಳಕೆಯಲ್ಲಿತ್ತು. ಬಂಗಲೆಯ ಹತ್ತಿರದ ಹುಲ್ಲನ್ನು ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು, ಮಂಜಿನ ತೇವ ಆರುವ ಮುಂಚೆ, ಸಾಲಾಗಿ ನಿಂತು ಕೊಯ್ಯುತ್ತಿದ್ದರು. ಉಳುವುದಕ್ಕೆ ಬರುವ ನೆಲವನ್ನು ಉಳದೆ ಬಿಡುವುದು, ಅದರ ಮೇಲೆ ಆಳುಗಳಿಗೆ ಕೂಲಿ ಕೊಟ್ಟು ಹುಲ್ಲು ಕೊಯ್ಯಿಸುವುದು, ಕೊಯ್ದದ್ದರಿಂದ ಏನೂ ಗಳಿಸದಿರುವುದು, ಇವೆಲ್ಲವೂ ತನಗೆ ಎಷ್ಟು ಇದೆ ಎಂದು ಜಮೀನ್ದಾರ ಬಾಯಿಬಿಡದೆ ಹೇಳಿಕೊಳ್ಳುವ ದಾರಿಗಳಾಗಿದ್ದವು.

1830ರಲ್ಲಿ ಈ ಸ್ಥಿತಿ ಬದಲಾಗತೊಡಗಿತು. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಸ್ಟ್ರೌಡ್ ಸುತ್ತಮುತ್ತ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದ ನವಿರನ್ನು ಸಮನಾಗಿ ಕತ್ತರಿಸಲು ಅಲ್ಲಿ ಸುರುಳಿಯಾಕಾರದ ಅಲಗುಗಳಿದ್ದ ಉರುಳೆಯ ಯಂತ್ರವನ್ನು ಬಳಸುತ್ತಿದ್ದರು. ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿಗೆ, ಬಟ್ಟೆಯ ನವಿರನ್ನು ಸವರುವ ಅಲಗು ನೆಲದ ಹುಲ್ಲನ್ನೂ ಸವರಬಲ್ಲದು ಎಂದು ಹೊಳೆಯಿತು. ಅವನ ಪೇಟೆಂಟ್ ಪತ್ರದಲ್ಲಿ, ಗ್ರಾಮಾಂತರದ ಗಣ್ಯರು ಈ ಯಂತ್ರವನ್ನು ತಾವೇ ತಳ್ಳಿದರೆ ಅದು ಮನರಂಜನೆಯೂ ಉಪಯುಕ್ತವೂ ಆರೋಗ್ಯಕರವೂ ಆದ ವ್ಯಾಯಾಮವಾಗುತ್ತದೆ ಎಂಬ ಅರ್ಥದ ಮಾತಿದೆ. ಆಳುಕಾಳು ಇಲ್ಲದ ಮನೆಯವನೂ ತನ್ನ ಹುಲ್ಲನ್ನು ತಾನೇ ನುಣುಪಾಗಿ ಇಟ್ಟುಕೊಳ್ಳಬಹುದು ಎಂಬ ಸಾಧ್ಯತೆ ಅಲ್ಲಿಂದ ತೆರೆದುಕೊಂಡಿತು.

ಸಾಧ್ಯವಾದ ಕೆಲಸವು ಕರ್ತವ್ಯವಾಗಿ ಬದಲಾದದ್ದು ಮಾತ್ರ ಅಮೆರಿಕದಲ್ಲಿ. ಷಿಕಾಗೋ ಪಕ್ಕದ ರಿವರ್‌ಸೈಡ್ ಎಂಬ ಬಡಾವಣೆಗೆ 1868–69ರ ಹೊತ್ತಿನಲ್ಲಿ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ನಕ್ಷೆ ಹಾಕಿದಾಗ, ಪ್ರತಿ ಮನೆಯೂ ರಸ್ತೆಯಿಂದ 30 ಅಡಿ ಹಿಂದೆ ಸರಿದು ನಿಲ್ಲಬೇಕೆಂದು ನಿಯಮ ಮಾಡಲಾಯಿತು. ಮನೆಗಳ ಮುಂದೆ ಎತ್ತರದ ಗೋಡೆಗಳಿಲ್ಲದೆ ಒಂದು ಮನೆಯ ಹಸಿರು ಇನ್ನೊಂದರ ಹಸಿರಿನೊಳಗೆ ಸೇರಿಹೋಗಿ, ಇಡೀ ಬೀದಿಯೇ ಒಂದು ಉದ್ಯಾನದಂತೆ ಕಾಣಬೇಕೆಂಬುದು ಆಶಯವಾಗಿತ್ತು. 1870ರಲ್ಲಿ ಫ್ರ್ಯಾಂಕ್ ಸ್ಕಾಟ್ ಎಂಬ ಉದ್ಯಾನ ಲೇಖಕ ಇದೇ ವಿಚಾರವನ್ನು ಇನ್ನಷ್ಟು ಬಿಗಿಗೊಳಿಸಿ, ತನ್ನ ಅಂಗಳದ ಚೆಲುವನ್ನು ಬೇಲಿ ಹಾಕಿ ದಾರಿಹೋಕರ ಕಣ್ಣಿನಿಂದ ಮರೆಸುವುದು ನೆರೆಹೊರೆಯ ಧರ್ಮಕ್ಕೆ ವಿರುದ್ಧವೆಂದು ವಾದಿಸಿದ. ಇಂಗ್ಲೆಂಡಿನಲ್ಲಿ ಮನೆಯ ಮುಂದೆ ಗೋಡೆಯೋ ಜೀವಂತ ಬೇಲಿಯೋ ಇರುವುದು ವಾಡಿಕೆ. ಅಮೆರಿಕದ ಮುಂಗಡೆಯ ಅಂಗಳವಾದರೋ ಖಾಸಗಿ ಜಾಗವಾಗಿದ್ದುಕೊಂಡೇ ಸಾರ್ವಜನಿಕ ದೃಶ್ಯವಾಯಿತು. ಹುಲ್ಲುಹಾಸಿನ ಹಂಬಲವನ್ನು ಅರ್ಥಮಾಡಿಕೊಳ್ಳಲು ಬಯಸುವವರು ಈ ಒಂದು ವಾಸ್ತುವಿವರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬೇಲಿ ಇಲ್ಲದಿದ್ದಾಗ ನನ್ನ ಹುಲ್ಲು ಎಲ್ಲಿ ಮುಗಿದು ಪಕ್ಕದವರದು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ತೋರಿಸಿಕೊಡುವುದು ಅದರ ಬಣ್ಣ ಮತ್ತು ಎತ್ತರದ ವ್ಯತ್ಯಾಸ ಮಾತ್ರ. ಆ ಗೆರೆ ಕಾಣಿಸಿತೆಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಬಿದ್ದಿದ್ದಾರೆ ಎಂದೇ ಅರ್ಥ.

ಎರಡನೆಯ ಮಹಾಯುದ್ಧದ ಬಳಿಕ ಈ ಮಾದರಿ ಸಾಮಾನ್ಯರ ಕೈಗೆ ಬಂತು. ಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರದ ಭರವಸೆಯ ಮೇಲೆ ಮನೆಸಾಲ ಸಿಗುವಂತೆ 1944ರ ಕಾಯ್ದೆ ಮಾಡಿತ್ತು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಲೆವಿಟ್ ಕುಟುಂಬದವರು 1947ರಿಂದ 1951ರ ನಡುವೆ 17,000ಕ್ಕೂ ಹೆಚ್ಚು ಮನೆಗಳ ಲೆವಿಟ್‌ಟೌನ್ ಕಟ್ಟಿದರು. ನಿವೇಶನದ ಅಳತೆ 60 ಅಡಿಗೆ 100 ಅಡಿ. ಅದರ ಮೇಲೆ ನಿಂತ ಮೊದಲ ಮಾದರಿಯ ಮನೆ ಸುಮಾರು 750 ಚದರ ಅಡಿ. 30–40ರ ಸೈಟಿನಲ್ಲಿ ಕಾಂಪೌಂಡಿನ ಅಂಚಿನವರೆಗೂ ಕಟ್ಟಡ ಎಬ್ಬಿಸುವುದನ್ನು ಕಂಡ ಬೆಂಗಳೂರಿನವರಿಗೆ ಈ ಲೆಕ್ಕ ವಿಚಿತ್ರವಾಗಿ ತೋರಬಹುದು: ನಿವೇಶನದ ಎಂಟರಲ್ಲಿ ಒಂದು ಪಾಲು ಮಾತ್ರ ಮನೆ, ಉಳಿದದ್ದರಲ್ಲಿ ಬಹುಪಾಲು ಹುಲ್ಲು. ತಂದೆ ಅಬ್ರಹಾಂ ಲೆವಿಟ್ ತೋಟಗಾರಿಕೆಯ ಮೇಲ್ವಿಚಾರಣೆ ವಹಿಸಿಕೊಂಡು, ಹುಲ್ಲು ಬೆಳೆಸುವ ಬಗೆಯನ್ನು ನಿವಾಸಿಗಳಿಗೆ ಸ್ಥಳೀಯ ಪತ್ರಿಕೆಯ ಅಂಕಣದ ಮೂಲಕ ಕಲಿಸಿದರು. ಕರಾರಿನ ಷರತ್ತುಗಳಲ್ಲಿ ಬೇಲಿ ಹಾಕಬಾರದು, ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು ಎಂಬುದೂ ಸೇರಿತ್ತು. ಕತ್ತರಿಸದಿದ್ದವರ ಮನೆಗೆ ಕಂಪನಿಯ ಆಳುಗಳೇ ಬಂದು ಕತ್ತರಿಸಿ, ಅದರ ಬಿಲ್ಲನ್ನು ಮನೆಯವರಿಗೆ ಕಳಿಸುತ್ತಿದ್ದರು.

ಅದೇ ಷರತ್ತುಗಳ ಪಟ್ಟಿಯಲ್ಲಿ ಬಿಳಿಯರಲ್ಲದವರು ಅಲ್ಲಿ ವಾಸಿಸುವಂತಿಲ್ಲ ಎಂಬ ಸಾಲೂ ಇತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ತೀರ್ಪು ಕೊಟ್ಟ ಮೇಲೂ ಕಪ್ಪು ಜನರಿಗೆ ಅಲ್ಲಿ ಮನೆ ಮಾರುವುದನ್ನು ಕಂಪನಿ ತಡೆದೇ ಇತ್ತು. ಹುಲ್ಲುಹಾಸಿನ ಚರಿತ್ರೆಯನ್ನು ಬರೆಯುವಾಗ ಈ ಸಾಲನ್ನು ಬಿಟ್ಟುಬಿಡಬಾರದು ಎಂದು ನನಗೆ ಅನ್ನಿಸುತ್ತದೆ; ಏಕೆಂದರೆ ಒಂದೇ ಎತ್ತರದ ಹುಲ್ಲು ಮತ್ತು ಒಂದೇ ಬಣ್ಣದ ನೆರೆಹೊರೆ ಎರಡನ್ನೂ ಒಂದೇ ದಾಖಲೆ ಬೇಡಿತ್ತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಮುಖ್ಯವಾಗಿ ಕಪ್ಪು ಜನರ ಮನೆಗಳ ಮುಂದೆ, ಹುಲ್ಲನ್ನು ಬೇರುಸಹಿತ ಕಿತ್ತು ಕಡ್ಡಿಪೊರಕೆಯಿಂದ ನೆಲವನ್ನು ಗುಡಿಸಿ ಗೆರೆ ಮೂಡಿಸಿ ಇಡುವ ಪದ್ಧತಿ ತಲೆಮಾರುಗಳ ಕಾಲ ಇತ್ತು. ಪಶ್ಚಿಮ ಆಫ್ರಿಕಾದಿಂದ ಬಂದದ್ದೆಂದು ಹೇಳಲಾಗುವ ಆ ಅಂಗಳ ನಮ್ಮ ಅಂಗಳಕ್ಕೆ ಬಹಳ ಹತ್ತಿರದ್ದು. ಇಪ್ಪತ್ತನೆಯ ಶತಮಾನದ ನಡುಭಾಗದ ನಂತರ ಅದು ಹಿಂದೆ ಸರಿದು, ಆ ಜಾಗಕ್ಕೂ ಹುಲ್ಲು ಬಂತು.

ಇಷ್ಟು ಹೇಳಿದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ. ಷರತ್ತಿಗೆ ತಲೆಬಾಗಿ ವಾರಕ್ಕೊಮ್ಮೆ ಕತ್ತರಿಸುವುದು ಬೇರೆ. ಹುಲ್ಲಿನ ನಡುವೆ ಏಳುವ ಡ್ಯಾಂಡೆಲಿಯನ್ ಎಂಬ ಕಳೆಯ ಒಂದು ಹೂ ಕಂಡರೆ ನಿದ್ದೆಗೆಡುವಷ್ಟು ಹಚ್ಚಿಕೊಳ್ಳುವುದು ಬೇರೆ. ಈ ಎರಡನೆಯ ಸ್ಥಿತಿಗೆ ಮನುಷ್ಯನನ್ನು ತಂದು ನಿಲ್ಲಿಸುವುದು ಹುಲ್ಲಿನ ದೇಹರಚನೆ.

ಹೆಚ್ಚಿನ ಗಿಡಗಳು ತುದಿಯಲ್ಲಿ ಬೆಳೆಯುತ್ತವೆ. ಕುಡಿ ಚಿವುಟಿದರೆ ಆ ಕೊಂಬೆಯ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಹುಲ್ಲಿನ ಬೆಳೆಯುವ ಭಾಗ ಇರುವುದು ನೆಲಕ್ಕೆ ತಾಗಿದಂತೆ ಬುಡದಲ್ಲಿ, ಎಲೆಯೂ ಬೆಳೆಯುವುದು ಬುಡದಿಂದಲೇ ಮೇಲಕ್ಕೆ. ಮೇಯುವ ಪ್ರಾಣಿಗಳ ಬಾಯಿಗೆ ಸಿಕ್ಕಿಯೂ ಬದುಕಿ ಉಳಿಯುವ ಈ ಗುಣದಿಂದಾಗಿ ಕತ್ತರಿಸಿದಷ್ಟೂ ಹುಲ್ಲು ಪಕ್ಕದಲ್ಲಿ ಹೊಸ ತೆಂಡೆ ಒಡೆದು ದಟ್ಟವಾಗುತ್ತದೆ. ಒಡೆಯನ ಶ್ರಮಕ್ಕೆ ಅದು ಕೊಡುವ ಉತ್ತರ ಕಣ್ಣಿಗೆ ಕಾಣುವಂಥದ್ದು. ಆ ಉತ್ತರ ಬಾಳುವುದು ಮಾತ್ರ ನಾಲ್ಕೈದು ದಿನ. ಬಣ್ಣ ಬಳಿದ ಗೋಡೆ ಐದು ವರ್ಷ ಸುಮ್ಮನಿರುತ್ತದೆ, ಹುಲ್ಲು ಐದು ದಿನವೂ ಸುಮ್ಮನಿರುವುದಿಲ್ಲ. ಬುಡದಲ್ಲಿ ಜೀವ ಇಟ್ಟುಕೊಂಡು ಬೇಸಿಗೆಯಲ್ಲಿ ಎಲೆ ಕಂದಿಸಿ ಮಲಗುವ ಉಪಾಯವೂ ಅದಕ್ಕೆ ಗೊತ್ತು. ಕೆಂಟಕಿ ಬ್ಲೂಗ್ರಾಸ್ ಎಂಬ ಜಾತಿ ಬಿರುಬೇಸಿಗೆಯಲ್ಲಿ ಹೀಗೆ ಮಲಗಿ, ಮಳೆ ಬಂದೊಡನೆ ಮತ್ತೆ ಹಸಿರಾಗುತ್ತದೆ. ಸಸ್ಯಕ್ಕೆ ಇದು ವಿಶ್ರಾಂತಿ, ಬೀದಿಯ ಕಣ್ಣಿಗೆ ಇದು ಸಾವು. ಆ ಹೆಸರಿನಿಂದ ಅದು ಕೆಂಟಕಿಯದೇ ಎಂದು ತಿಳಿಯಬಾರದು. ಯುರೋಪು ಮತ್ತು ಏಷ್ಯಾ ಖಂಡಗಳ ಆ ಹುಲ್ಲು ಅಮೆರಿಕಕ್ಕೆ ವಲಸೆಗಾರರೊಂದಿಗೆ ಬಂದದ್ದು.

ದಕ್ಷಿಣದ ಬಿಸಿ ರಾಜ್ಯಗಳ ಹುಲ್ಲುಹಾಸಿನ ಪ್ರಮುಖ ಹುಲ್ಲು ನಮಗೆ ಚಿರಪರಿಚಿತ. ಅಲ್ಲಿ ಬರ್ಮುಡಾ ಗ್ರಾಸ್ ಎಂದು ಕರೆಯುವುದು ನಮ್ಮ ಗರಿಕೆಯನ್ನೇ, ಗಣೇಶನಿಗೆ ಇಪ್ಪತ್ತೊಂದು ಕುಡಿ ಏರಿಸುವ ಅದೇ ಗರಿಕೆಯನ್ನು. ಜಾರ್ಜಿಯಾ ರಾಜ್ಯದ ಟಿಫ್ಟನ್ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ಸಸ್ಯ ತಳಿ ವಿಜ್ಞಾನಿ ಗರಿಕೆಯನ್ನು ಆಫ್ರಿಕಾದ ಅದರ ದಾಯಾದಿಯೊಂದಿಗೆ ಸಂಕರಗೊಳಿಸಿ, ನವಿರಾದ ಎಲೆಯ ತಳಿಗಳನ್ನು 1950 ಮತ್ತು 60ರ ದಶಕಗಳಲ್ಲಿ ಬಿಡುಗಡೆ ಮಾಡಿದರು. ಇಂದಿಗೂ ಅಲ್ಲಿನ ಎಷ್ಟೋ ಆಟದ ಮೈದಾನಗಳ ಮೇಲೆ ಇರುವುದು ಆ ತಳಿಗಳೇ. ನಮ್ಮ ರೈತರು ಹೊಲದಿಂದ ಗರಿಕೆಯನ್ನು ತೊಲಗಿಸಲು ಎಷ್ಟು ಹೆಣಗುತ್ತಾರೆಂದು ಬಲ್ಲವರಿಗೆ, ಅದೇ ಗರಿಕೆಯ ಬೀಜವನ್ನು ಹಣ ಕೊಟ್ಟು ತಂದು, ಅದು ಹಬ್ಬದಿದ್ದರೆ ಕೊರಗುವವರ ಸಂಕಟ ಬಹಳ ದೂರದ್ದೆಂದು ತೋರುತ್ತದೆ. ಅಮೆರಿಕದ ಉತ್ತರ ಭಾಗದಲ್ಲಿ ಬ್ಲೂಗ್ರಾಸ್ ಬೆಳೆಸುವವರೂ ಗರಿಕೆಯನ್ನು ಕಳೆಯೆಂದೇ ಕೀಳುತ್ತಾರೆ. ಯಾವುದು ಹುಲ್ಲು, ಯಾವುದು ಕಳೆ ಎಂಬುದನ್ನು ತೀರ್ಮಾನಿಸುವುದು ಸಸ್ಯಶಾಸ್ತ್ರದ ಕೆಲಸವೇ ಅಲ್ಲ.

ಈ ತೀರ್ಮಾನ ಹೇಗೆ ಬದಲಾಗುತ್ತದೆ ಎಂಬುದನ್ನು ಬಿಳಿ ಕ್ಲೋವರ್ ಎಂಬ ಪುಟ್ಟ ಗಿಡದ ಕಥೆ ಸ್ಪಷ್ಟವಾಗಿ ತೋರಿಸುತ್ತದೆ. ಮೂರೆಲೆಯ ಈ ಗಿಡ ನಮ್ಮ ಅವರೆ, ಹೆಸರುಗಳ ಕುಲಕ್ಕೆ ಸೇರಿದ್ದು. ಬೇರಿನ ಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ. ಹುಲ್ಲು ಬಯಸುವುದೂ ಸಾರಜನಕವನ್ನೇ. ಆದ್ದರಿಂದ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಅಂಗಡಿಗಳು ಮಾರುತ್ತಿದ್ದ ಹುಲ್ಲಿನ ಬೀಜದ ಮಿಶ್ರಣದಲ್ಲಿ ಕ್ಲೋವರ್ ಬೀಜವೂ ಸೇರಿರುವುದು ಸಾಮಾನ್ಯವಾಗಿತ್ತು. ಒಳ್ಳೆಯ ಹುಲ್ಲುಹಾಸು ಎಂದರೆ ನಡುನಡುವೆ ಕ್ಲೋವರ್ ಇರುವ ಹುಲ್ಲುಹಾಸು ಎಂದೇ ಜನ ತಿಳಿದಿದ್ದರು.

1945ರಲ್ಲಿ 2,4-ಡಿ ಎಂಬ ಕಳೆನಾಶಕ ಮಾರಾಟಕ್ಕೆ ಬಂತು. ಗಿಡದ ಬೆಳವಣಿಗೆಯನ್ನು ನಿಯಂತ್ರಿಸುವ ಆಕ್ಸಿನ್ ಎಂಬ ಹಾರ್ಮೋನನ್ನು ಅದು ಅನುಕರಿಸುತ್ತದೆ. ಅದನ್ನು ಹೀರಿಕೊಂಡ ಅಗಲ ಎಲೆಯ ಗಿಡ ಹತೋಟಿ ತಪ್ಪಿ ಬೆಳೆದು, ಕಾಂಡ ತಿರುಚಿಕೊಂಡು ಸಾಯುತ್ತದೆ. ಹುಲ್ಲಿನ ಜಾತಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಡ್ಯಾಂಡೆಲಿಯನ್ ಸಾಯಲೆಂದು ಸಿಂಪಡಿಸಿದ ಔಷಧಿಯಿಂದ ಕ್ಲೋವರ್ ಕೂಡ ಸತ್ತಿತು, ಏಕೆಂದರೆ ಅದೂ ಅಗಲ ಎಲೆಯದೇ. ಔಷಧಿಗೆ ಇವೆರಡರ ನಡುವಿನ ವ್ಯತ್ಯಾಸ ಗೊತ್ತಿರಲಿಲ್ಲ. ಕ್ಲೋವರನ್ನು ಉಳಿಸುವ ದಾರಿ ಕಾಣದಿದ್ದಾಗ ಕ್ಲೋವರ್ ಇಲ್ಲದಿರುವುದೇ ಚಂದ ಎಂಬ ಹೊಸ ಅಭಿರುಚಿ ಬೆಳೆಯಿತು, ಮತ್ತು ಹತ್ತಿಪ್ಪತ್ತು ವರ್ಷಗಳಲ್ಲಿ ಕ್ಲೋವರ್ ಕಳೆಗಳ ಪಟ್ಟಿಗೆ ಸೇರಿತು. ಒಂದು ರಾಸಾಯನಿಕದ ಮಿತಿಯು ಒಂದು ಸಮಾಜದ ಸೌಂದರ್ಯದ ಕಲ್ಪನೆಯನ್ನೇ ತಿದ್ದಿಬಿಟ್ಟಿತು ಎಂಬುದು ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ.

ಇದರ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಕ್ಲೋವರ್ ಹೋದ ಮೇಲೆ ಸಾರಜನಕವನ್ನು ಚೀಲದಲ್ಲಿ ಕೊಂಡು ತರಬೇಕಾಯಿತು. ರಸಗೊಬ್ಬರ ಬಿದ್ದ ಹುಲ್ಲು ವೇಗವಾಗಿ ಬೆಳೆಯುವುದರಿಂದ ಹೆಚ್ಚು ಸಲ ಕತ್ತರಿಸಬೇಕಾಯಿತು. ಕತ್ತರಿಸಿದ ಎಲೆಗಳನ್ನು ನೆಲದ ಮೇಲೆ ಬಿಟ್ಟರೆ ಅವು ಕೊಳೆತು ಗೊಬ್ಬರವಾಗುತ್ತವೆ, ಆದರೆ ನೋಟಕ್ಕೆ ಚೊಕ್ಕಟವಾಗಿರಲೆಂದು ಅವನ್ನೂ ಬಾಚಿ ಚೀಲಕ್ಕೆ ತುಂಬಿ ಸಾಗಿಸುವುದರಿಂದ ಆ ಸಾರವೂ ಹೋಗಿ ಮತ್ತಷ್ಟು ಗೊಬ್ಬರ ಬೇಕಾಗುತ್ತದೆ. ರತ್ನಗಂಬಳಿಯಂತೆ ಕಾಣಲೆಂದು ಹುಲ್ಲನ್ನು ತೀರ ಗಿಡ್ಡವಾಗಿ ಸವರಿದರೆ ಎಲೆ ಕಡಿಮೆಯಾಗಿ ಬೇರೂ ಗಿಡ್ಡವಾಗುತ್ತದೆ; ಜೊತೆಗೆ ನೆಲದವರೆಗೆ ಬಿಸಿಲು ತಲುಪಿ, ಅಡಗಿ ಕೂತಿದ್ದ ಕಳೆಯ ಬೀಜಗಳು ಮೊಳೆಯುತ್ತವೆ. ದಿನವೂ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿದರೆ ಬೇರುಗಳು ಆಳಕ್ಕೆ ಇಳಿಯದೆ ಮೇಲುಮಣ್ಣಿನಲ್ಲೇ ಉಳಿದು, ಎರಡು ದಿನ ಬಿಸಿಲು ಕಾದರೆ ಸೊರಗುತ್ತವೆ. ಸೊರಗಿದ್ದನ್ನು ಕಂಡವರು ಇನ್ನಷ್ಟು ನೀರು ಬಿಡುತ್ತಾರೆ. ಹೀಗೆ ಪ್ರತಿಯೊಂದು ಪರಿಹಾರವೂ ಮುಂದಿನ ತೊಂದರೆಯನ್ನು ಹುಟ್ಟಿಸುತ್ತದೆ, ಮತ್ತು ಪ್ರತಿ ತೊಂದರೆಗೂ ಅಂಗಡಿಯಲ್ಲಿ ಒಂದು ಡಬ್ಬಿ ಇದೆ. ಹುಲ್ಲುಹಾಸಿನ ಒಡೆಯ ಅತಿಯಾಗಿ ಹಚ್ಚಿಕೊಂಡಿದ್ದಾನೆ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸಿದರೂ, ಆ ಸುತ್ತಿನೊಳಗೆ ನಿಂತವನಿಗೆ ತಾನು ಮಾಡುತ್ತಿರುವುದು ಕನಿಷ್ಠ ಅಗತ್ಯದ ಕೆಲಸ ಎಂದೇ ತೋರುತ್ತದೆ.

ನೀರಿನ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಬೇಸಿಗೆಯಲ್ಲಿ ಹುಲ್ಲಿಗೆ ವಾರಕ್ಕೆ ಒಂದು ಅಂಗುಲ ನೀರು ಬೇಕು ಎಂಬುದು ಅಲ್ಲಿ ಸಾಮಾನ್ಯವಾಗಿ ಹೇಳುವ ಅಳತೆ. 5,000 ಚದರ ಅಡಿಯ ಹುಲ್ಲುಹಾಸಿಗೆ ಇದು ವಾರಕ್ಕೆ ಸುಮಾರು 11,800 ಲೀಟರ್ ಆಗುತ್ತದೆ, ಅಂದರೆ ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ 6,000 ಲೀಟರಿನ ಎರಡು ಟ್ಯಾಂಕರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಸರಾಸರಿ ಮನೆಯೊಂದು ಬಳಸುವ ನೀರಿನಲ್ಲಿ ಸುಮಾರು ಶೇಕಡ 30 ಭಾಗ ಮನೆಯ ಹೊರಗೆ ಖರ್ಚಾಗುತ್ತದೆ. ಒಣ ಪ್ರದೇಶಗಳಲ್ಲಿ ಈ ಪಾಲು ಇದಕ್ಕಿಂತ ಬಹಳ ಹೆಚ್ಚು.

ಇಷ್ಟೆಲ್ಲ ಶ್ರಮದಲ್ಲಿ ಸುಖವೂ ಇದೆ ಎಂಬುದನ್ನು ಮರೆಯುವುದು ನ್ಯಾಯವಲ್ಲ. ಶನಿವಾರ ಬೆಳಿಗ್ಗೆ ಯಂತ್ರ ಹಿಡಿದು ಹೊರಟವನ ಹಿಂದೆ ತಿಳಿಹಸಿರು, ಕಡುಹಸಿರಿನ ಪಟ್ಟೆಗಳು ಮೂಡುತ್ತಾ ಹೋಗುತ್ತವೆ. ಹುಲ್ಲು ಎರಡೂ ಕಡೆ ಒಂದೇ ಆಗಿದ್ದರೂ ಯಂತ್ರದ ಹಿಂದಿನ ಉರುಳೆ ಒಂದು ಸಾಲನ್ನು ಆಚೆಗೆ, ಮರಳಿ ಬರುವಾಗ ಪಕ್ಕದ ಸಾಲನ್ನು ಈಚೆಗೆ ಬಾಗಿಸುತ್ತದೆ. ನೋಡುವವನಿಂದ ಆಚೆಗೆ ಬಾಗಿದ ಎಲೆ ಬೆಳಕನ್ನು ಹೆಚ್ಚು ಹಿಂದಿರುಗಿಸಿ ತಿಳಿಯಾಗಿಯೂ, ಅವನ ಕಡೆಗೆ ಬಾಗಿದ್ದು ಕಡುವಾಗಿಯೂ ಕಾಣುತ್ತದೆ. ಸುತ್ತ ಹರಡುವ ಆ ಹಸಿ ವಾಸನೆ ಗಾಯಗೊಂಡ ಎಲೆಗಳು ಬಿಡುಗಡೆ ಮಾಡುವ ರಾಸಾಯನಿಕಗಳದ್ದು. ವಾರವೆಲ್ಲ ಕಚೇರಿಯಲ್ಲಿ ಕೂತು, ತಾನು ಮಾಡಿದ ಕೆಲಸ ಎಲ್ಲಿ ಹೋಗಿ ಸೇರಿತೆಂದು ತಿಳಿಯದವನಿಗೆ, ಒಂದು ಗಂಟೆಯಲ್ಲಿ ಮೊದಲಾಗಿ ಮುಗಿದು, ತಿರುಗಿ ನಿಂತರೆ ಇಡಿಯಾಗಿ ಕಾಣಿಸುವ ಕೆಲಸ ಇದೊಂದೇ ಇರಬಹುದು. ಸಾಲ, ಉದ್ಯೋಗ, ಮಕ್ಕಳ ಓದು ಯಾವುದೂ ಹೇಳಿದಂತೆ ಕೇಳದ ಬದುಕಿನಲ್ಲಿ ಹೇಳಿದಂತೆ ಕೇಳುವ ಆರು ಸಾವಿರ ಚದರ ಅಡಿ ಎಂದರೆ ಸಣ್ಣ ಸಮಾಧಾನವಲ್ಲ.

ಈ ಸುಖಕ್ಕೆ ತಲುಪಲಾಗದ ಅಳತೆಗೋಲನ್ನು ಕೊಟ್ಟದ್ದರಲ್ಲಿ ಗಾಲ್ಫ್ ಆಟದ ಪಾಲು ಇದೆ. ಜಾರ್ಜಿಯಾದ ಅಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯಾವಳಿ 1966ರಲ್ಲಿ ಮೊದಲ ಬಾರಿಗೆ ಬಣ್ಣದ ಟಿವಿಯಲ್ಲಿ ಪ್ರಸಾರವಾಯಿತು. ಆ ಮೈದಾನದಲ್ಲಿ ಚಳಿಗಾಲಕ್ಕೆ ಕಂದುವ ಗರಿಕೆಯ ತಳಿಯ ಮೇಲೆ ರೈಗ್ರಾಸ್ ಎಂಬ ಇನ್ನೊಂದು ಹುಲ್ಲನ್ನು ಬಿತ್ತಿ ಹಸಿರು ಮಾಡುತ್ತಾರೆ. ಬೇಸಿಗೆಯ ತಿಂಗಳುಗಳಲ್ಲಿ ಮೈದಾನ ಮುಚ್ಚಿರುತ್ತದೆ. ಏಪ್ರಿಲಿನ ಒಂದು ವಾರಕ್ಕಾಗಿ ಪರಿಣತರ ದೊಡ್ಡ ಪಡೆ ವರ್ಷವಿಡೀ ಸಿದ್ಧಗೊಳಿಸುವ ನೆಲವದು. ಆ ವಾರದ ಚಿತ್ರವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಆಗಸ್ಟ್ ತಿಂಗಳ ಬಿಸಿಲಿನಲ್ಲಿ ತನ್ನ ಅಂಗಳವನ್ನು ನೋಡಿಕೊಂಡವನಿಗೆ ಸೋಲು ಕಟ್ಟಿಟ್ಟದ್ದು.

ಅಮೆರಿಕದ ಮನೆಗಳನ್ನು ಆಧಾರವಾಗಿಟ್ಟುಕೊಂಡು ಪಾಲ್ ರಾಬಿನ್ಸ್ ಎಂಬ ಭೂಗೋಳಶಾಸ್ತ್ರಜ್ಞರು ನಡೆಸಿದ ಅಧ್ಯಯನಗಳಿಂದ ಹೊರಬಂದ ಒಂದು ಸಂಗತಿ, ತಿಳಿವಳಿಕೆ ಇಲ್ಲದವರು ಮಾತ್ರ ಔಷಧಿ ಸುರಿಯುತ್ತಾರೆ ಎಂಬ ಸುಲಭದ ವಿವರಣೆಯನ್ನು ಒಡೆಯುತ್ತದೆ. ಹುಲ್ಲುಹಾಸಿಗೆ ರಾಸಾಯನಿಕ ಬಳಸುವವರೇ, ಅದರಿಂದ ನೀರು ಕೆಡುತ್ತದೆ ಎಂದು ಬಳಸದವರಿಗಿಂತ ಹೆಚ್ಚಾಗಿ ಹೇಳಿದರು. ನೆರೆಯವರ ಹೆಸರು ಬಲ್ಲವರಲ್ಲಿ, ಅಂದರೆ ಬೀದಿಯೊಂದಿಗೆ ಹೊಂದಿಕೊಂಡು ಬಾಳುವವರಲ್ಲಿ, ರಾಸಾಯನಿಕದ ಬಳಕೆ ಹೆಚ್ಚಾಗಿ ಕಂಡುಬಂತು. ಹಾನಿ ಗೊತ್ತಿದ್ದೂ, ನೆರೆಯವರನ್ನು ಗೌರವಿಸುವುದರಿಂದಲೇ ಅವರು ಆ ಕೆಲಸ ಮಾಡುತ್ತಿದ್ದಾರೆ. ನನ್ನ ಅಂಗಳದ ಡ್ಯಾಂಡೆಲಿಯನ್ ಬೀಜ ಗಾಳಿಯಲ್ಲಿ ಹಾರಿ ಪಕ್ಕದವರ ಅಂಗಳಕ್ಕೆ ಬೀಳುತ್ತದೆ, ನನ್ನ ಮನೆ ಹಾಳುಬಿದ್ದಂತೆ ಕಂಡರೆ ಅವರ ಮನೆಯ ಬೆಲೆಯೂ ಇಳಿಯುತ್ತದೆ ಎಂಬ ಚಿಂತೆಯಲ್ಲಿ ಸ್ವಾರ್ಥಕ್ಕಿಂತ ಸಂಕೋಚವೇ ಹೆಚ್ಚು. ಓಲ್ಮ್‌ಸ್ಟೆಡ್ ಮತ್ತು ಸ್ಕಾಟ್ ಬಯಸಿದ ಬೇಲಿಯಿಲ್ಲದ ನೆರೆತನವು ಈ ರೂಪ ತಾಳಿದೆ.

ಸಂಕೋಚ ಸಾಲದಿದ್ದಲ್ಲಿ ನಿಯಮ ಬರುತ್ತದೆ. ಅಮೆರಿಕದಲ್ಲಿ ಏಳು ಕೋಟಿಗೂ ಹೆಚ್ಚು ಜನ ಮನೆ ಮಾಲೀಕರ ಸಂಘ ಅಥವಾ ಅಂಥದೇ ಸಂಘಗಳ ಕಟ್ಟುಪಾಡಿನಡಿ ವಾಸಿಸುತ್ತಾರೆ. ಹುಲ್ಲಿನ ಎತ್ತರವನ್ನು ನಗರಾಡಳಿತಗಳೂ ಗೊತ್ತುಪಡಿಸುತ್ತವೆ. ಫ್ಲಾರಿಡಾದ ಡನೀಡನ್ ನಗರದಲ್ಲಿ 2018ರಲ್ಲಿ ಒಬ್ಬರು ತೀರಿಕೊಂಡ ತಾಯಿಯ ಆಸ್ತಿಯ ವ್ಯವಹಾರಕ್ಕಾಗಿ ಊರಲ್ಲಿಲ್ಲದಾಗ ಅವರ ಹುಲ್ಲು ಹತ್ತು ಅಂಗುಲದ ಮಿತಿಯನ್ನು ದಾಟಿತು. ದಿನಕ್ಕೆ 500 ಡಾಲರಿನಂತೆ ಏರಿದ ದಂಡ ಮೂವತ್ತು ಸಾವಿರ ಡಾಲರಿನ ಹತ್ತಿರ ಬಂದು, ಮನೆಯನ್ನೇ ಜಪ್ತಿ ಮಾಡುವ ಮಾತು ಬಂತು. ಮೇರಿಲ್ಯಾಂಡ್ ರಾಜ್ಯದ ಕೊಲಂಬಿಯಾದಲ್ಲಿ ಒಬ್ಬ ದಂಪತಿ ಜೇನ್ನೊಣ, ಚಿಟ್ಟೆ, ಹಕ್ಕಿಗಳಿಗೆಂದು ಸ್ಥಳೀಯ ಗಿಡಗಳನ್ನು ಬೆಳೆಸಿದಾಗ ನೆರೆಯವರಿಂದ ದೂರು ಹೋಗಿ, ಅದನ್ನು ಕಿತ್ತು ಹುಲ್ಲು ಹಾಕಬೇಕೆಂದು ಸಂಘ ಆದೇಶಿಸಿತು. ಅವರು ವರ್ಷಗಟ್ಟಲೆ ಹೋರಾಡಿದ್ದರ ಫಲವಾಗಿ, ಪರಿಸರಕ್ಕೆ ಹಿತವಾದ ಇಂಥ ತೋಟಗಳನ್ನು ಸಂಘಗಳು ನಿಷೇಧಿಸುವಂತಿಲ್ಲವೆಂದು 2021ರಲ್ಲಿ ಆ ರಾಜ್ಯ ಕಾನೂನು ಮಾಡಿತು. ಅದೇ ವರ್ಷ ನೆವಾಡ ರಾಜ್ಯವು, ಲಾಸ್ ವೇಗಸ್ ಪ್ರದೇಶದ ಕಚೇರಿಗಳ ಮುಂದೆ, ರಸ್ತೆಗಳ ನಡುವೆ ಬರಿಯ ನೋಟಕ್ಕೆಂದು ಬೆಳೆಸಿದ ಹುಲ್ಲಿಗೆ 2027ರಿಂದ ಕೊಲರಾಡೊ ನದಿಯ ನೀರು ಕೊಡಬಾರದೆಂದು ಶಾಸನ ಮಾಡಿತು. ಒಂಟಿಮನೆಗಳ ಅಂಗಳಗಳನ್ನು ಅದು ಮುಟ್ಟಲಿಲ್ಲ.

ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಸ್ವಂತ ಮನೆ ಕೊಂಡ ಕನ್ನಡಿಗರು ಈ ವ್ಯವಸ್ಥೆಯೊಳಗೆ ಹೊರಗಿನಿಂದ ಬಂದು ಸೇರಿದವರು. ಹುಲ್ಲು ಅವರಿಗೆ ದನದ ಮೇವು, ಪೂಜೆಯ ಗರಿಕೆ, ಇಲ್ಲವೇ ಅಂಗಳದಿಂದ ಕೀಳಬೇಕಾದ ಕಸ ಆಗಿತ್ತು. ಹೊಸ ಬೀದಿಯಲ್ಲಿ ತಮ್ಮ ಮನೆ ಬೇರೆಯಾಗಿ ಕಾಣಬಾರದೆಂಬ ಎಚ್ಚರ ವಲಸೆ ಹೋದವರಿಗೆ ಹೆಚ್ಚೇ ಇರುತ್ತದೆ, ಆದ್ದರಿಂದ ಹುಲ್ಲು ಕತ್ತರಿಸುವ ಯಂತ್ರ ಅವರ ಗ್ಯಾರೇಜಿಗೂ ಬರುತ್ತದೆ. ಮೆಂತ್ಯ, ಬದನೆ, ಕರಿಬೇವು ಮಾತ್ರ ಹಿತ್ತಿಲಿಗೆ ಹೋಗುತ್ತವೆ. ಈಗ ಬೆಂಗಳೂರಿನ ಗೇಟಿನೊಳಗಿನ ಬಡಾವಣೆಗಳಲ್ಲೂ ಅದೇ ಹಸಿರು ಹಾಸು ಕಾಣುತ್ತಿದೆ. 2024ರ ಮಾರ್ಚಿನಲ್ಲಿ ನೀರಿನ ಬವಣೆ ಬಂದಾಗ, ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಆದೇಶಿಸಬೇಕಾಯಿತು.

ಅಮೆರಿಕದಲ್ಲಿ ಹುಲ್ಲುಹಾಸನ್ನು ಪೂರ್ತಿ ತೆಗೆದುಹಾಕಿದವರಿಗಿಂತ ಅದರ ಅಳತೆಗೋಲನ್ನು ಸ್ವಲ್ಪ ಸಡಿಲಿಸಿಕೊಂಡವರೇ ನನ್ನ ಗಮನ ಸೆಳೆಯುತ್ತಾರೆ. ಯಂತ್ರದ ಅಲಗನ್ನು ಮೂರು ಅಂಗುಲಕ್ಕೆ ಎತ್ತರಿಸಿ, ಕತ್ತರಿಸಿದ್ದನ್ನು ನೆಲದ ಮೇಲೆಯೇ ಬಿಟ್ಟು, ಬೇಸಿಗೆಯಲ್ಲಿ ಹುಲ್ಲು ಮಲಗಿದಾಗ ಮಲಗಲು ಬಿಟ್ಟರೆ ಮೇಲೆ ಹೇಳಿದ ಸುತ್ತಿನ ಅರ್ಧ ಭಾಗ ತಾನಾಗಿ ಕಳಚಿಕೊಳ್ಳುತ್ತದೆ. ವಿಸ್ಕಾನ್ಸಿನ್ ರಾಜ್ಯದ ಆ್ಯಪಲ್‌ಟನ್ ನಗರ 2020ರಲ್ಲಿ, ಚಳಿಗಾಲ ಕಳೆದು ಹೊರಬರುವ ಜೇನ್ನೊಣಗಳಿಗೆ ಹೂ ಸಿಗಲೆಂದು ಮೇ ತಿಂಗಳಿನಲ್ಲಿ ಹುಲ್ಲು ಕತ್ತರಿಸದೆ ಬಿಡಲು ನಿವಾಸಿಗಳಿಗೆ ಅನುಮತಿ ಕೊಟ್ಟಿತು. ಬಿಳಿ ಕ್ಲೋವರಿನ ಬೀಜ ಮತ್ತೆ ಅಂಗಡಿಗೆ ಬಂದಿದೆ. ಹುಲ್ಲಿನ ಬೀಜದೊಂದಿಗೆ ಬೆರೆಸಿದ ಚೀಲಗಳು, ಕಡಿಮೆ ನೀರು ಸಾಕು, ಗೊಬ್ಬರ ಬೇಕಿಲ್ಲ ಎಂಬ ಬರಹ ಹೊತ್ತು, ಕ್ಲೋವರನ್ನು ಕೊಲ್ಲುವ ಔಷಧಿಯೂ ಸಿಗುವ ಅದೇ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ.